ಕೋಶದ ಆಕಾರವನ್ನು ಪ್ರೋಟೀನ್‌ಗಳು ಅಳೆಯುವ ಬಗೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಬಂದಿವೆ. ಕೆಲವೇ ನ್ಯಾನೊಮೀಟರ್ ಗಾತ್ರದ ಪ್ರೋಟೀನ್‌ಗಳು ತಮಗಿಂತ ಸಾವಿರಪಟ್ಟು ದೊಡ್ಡದಾದ ಕೋಶದ ಉದ್ದ, ಅಗಲ, ತುದಿ, ನಡುಗಳನ್ನು ಗುರುತಿಸಿ ಚಿತ್ತಾರ ಬಿಡಿಸುವುದು ಹೇಗೆ? ಪ್ರಯೋಗ ಮಾಡುವವರ, ಗಣಕದಲ್ಲಿ ಲೆಕ್ಕ ಹಾಕುವವರ ಪ್ರಶ್ನೆಗಳೂ ಇರುವುದರಿಂದ ಅಲ್ಲಲ್ಲಿ ಉತ್ತರ ಉದ್ದವಾಗಿದೆ.

ಪ್ರಶ್ನೆ: ಇ. ಕೊಲೈ ಬ್ಯಾಕ್ಟೀರಿಯಾ ಸರಿಯಾಗಿ ನಡುವೆಯೇ ಇಬ್ಭಾಗವಾಗುತ್ತದೆ ಎಂದು ಪಾಠದಲ್ಲಿದೆ. ಅದಕ್ಕೆ ಕಣ್ಣಿಲ್ಲ, ಮಿದುಳಿಲ್ಲ, ಅಳತೆಪಟ್ಟಿಯಿಲ್ಲ. ನಡು ಎಲ್ಲಿದೆ ಎಂದು ಅದಕ್ಕೆ ಗೊತ್ತಾಗುವುದು ಹೇಗೆ? ಮಕ್ಕಳಿಗೆ ಹೇಗೆ ಹೇಳಲಿ? — ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ

ಉತ್ತರ: ಅದು ನಡುವನ್ನು ಹುಡುಕುವುದೇ ಇಲ್ಲ ಮೇಡಂ. ತುದಿಗಳನ್ನು ಬೇಡ ಎನ್ನುತ್ತದೆ, ಉಳಿದದ್ದು ನಡು. ಮಕ್ಕಳಿಗೆ ಇಲ್ಲಿಂದಲೇ ಶುರುಮಾಡಿ.

ಇ. ಕೊಲೈ ಕಡ್ಡಿಯಂತಿರುವ ಜೀವಿ. ಉದ್ದ 2ರಿಂದ 4 ಮೈಕ್ರೊಮೀಟರ್, ಅಗಲ ಸುಮಾರು 1. ಇಬ್ಭಾಗವಾಗುವ ಜಾಗದಲ್ಲಿ ಎಫ್‌ಟಿಎಸ್‌ಝಡ್ ಎಂಬ ಪ್ರೋಟೀನ್ ಪೊರೆಯ ಒಳಮೈಯಲ್ಲಿ ಬಳೆಯಂತೆ ಕೂಡಿಕೊಳ್ಳುತ್ತದೆ. ಮಿನ್-ಸಿ ಎಂಬ ಇನ್ನೊಂದು ಪ್ರೋಟೀನ್ ಇರುವ ಕಡೆ ಈ ಬಳೆ ಕಟ್ಟಿಕೊಳ್ಳಲಾರದು. ಮಿನ್-ಸಿ ಸ್ವಂತವಾಗಿ ಪೊರೆ ಹಿಡಿಯುವುದಿಲ್ಲ, ಮಿನ್-ಡಿ ಕೂತಲ್ಲಿ ಅದರ ಜೊತೆ ಕೂರುತ್ತದೆ. ಮಿನ್-ಡಿಯನ್ನು ಪೊರೆಯಿಂದ ಎಬ್ಬಿಸಿ ಓಡಿಸುವುದು ಮಿನ್-ಇ. ಒಂದು ಕೋಶದಲ್ಲಿ ಇವು ಇರುವುದು ಕೆಲವು ಸಾವಿರ ಅಣುಗಳಷ್ಟು ಮಾತ್ರ.

ಹಸಿರಾಗಿ ಹೊಳೆಯುವ ಗುರುತನ್ನು ಮಿನ್-ಡಿಗೆ ಅಂಟಿಸಿ 1999ರಲ್ಲಿ ನೋಡಿದಾಗ ಕಂಡದ್ದು ಯಾರೂ ಎಣಿಸಿರದ ದೃಶ್ಯ. ಬೆಳಕೆಲ್ಲ ಕೋಶದ ಒಂದು ತುದಿಯಲ್ಲಿ ಟೊಪ್ಪಿಗೆಯಂತೆ ಕೂತಿರುತ್ತದೆ. ಟೊಪ್ಪಿಗೆಯ ಅಂಚು ನಡುವಿನ ಕಡೆಯಿಂದ ತುದಿಯತ್ತ ಸವೆಯುತ್ತ ಹೋಗುತ್ತದೆ, ಅಷ್ಟರಲ್ಲಿ ಎದುರು ತುದಿಯಲ್ಲಿ ಹೊಸ ಟೊಪ್ಪಿಗೆ ಮೂಡಿರುತ್ತದೆ. ಹೋಗಿ ಬರಲು ಸುಮಾರು 40 ಸೆಕೆಂಡಿನಿಂದ ಒಂದು ನಿಮಿಷ, ಬಿಸಿ ಹೆಚ್ಚಾದರೆ ಇನ್ನೂ ಬೇಗ. ಹಲವು ಸುತ್ತುಗಳ ಸರಾಸರಿ ತೆಗೆದರೆ ಮಿನ್-ಡಿ, ಮಿನ್-ಸಿ ಎರಡೂ ತುದಿಗಳಲ್ಲಿ ಹೆಚ್ಚು, ನಡುವಿನಲ್ಲಿ ಅತಿ ಕಡಿಮೆ. ಬಳೆಗೆ ಜಾಗ ಸಿಗುವುದು ಅಲ್ಲಿ ಮಾತ್ರ.

ಒಂದು ಅಣುವಿನ ಬೆನ್ನು ಹತ್ತಿ ನೋಡೋಣ. ಕೋಶರಸದಲ್ಲಿ ತೇಲುವ ಮಿನ್-ಡಿ ಒಂದು ಎಟಿಪಿಯನ್ನು (ಕೋಶಕ್ಕೆ ಶಕ್ತಿ ಒದಗಿಸುವ ಸಣ್ಣ ಅಣು) ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದ ಎರಡು ಸೇರಿ ಜೋಡಿಯಾಗುತ್ತವೆ. ಪ್ರತಿಯೊಂದರ ಬಾಲದಲ್ಲೂ ಒಂದು ಸಣ್ಣ ಸುರುಳಿ ಇದೆ, ಅದರ ಒಂದು ಮಗ್ಗುಲು ಎಣ್ಣೆಗೆ ಒಲಿಯುವಂಥದು. ಒಂಟಿ ಬಾಲದ ಹಿಡಿತ ಸಡಿಲ. ಜೋಡಿಯ ಎರಡು ಬಾಲಗಳು ಒಟ್ಟಿಗೆ ಪೊರೆಗೆ ಚುಚ್ಚಿಕೊಂಡರೆ ಗಟ್ಟಿ. ಕೂತ ಜೋಡಿ ಪಕ್ಕದಲ್ಲೇ ಇನ್ನಷ್ಟು ಮಿನ್-ಡಿಗಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಆಮೇಲೆ ಮಿನ್-ಇ ಬಂದು ತಗಲುತ್ತದೆ, ಎಟಿಪಿ ಒಡೆದು ಎಡಿಪಿಯಾಗುತ್ತದೆ, ಜೋಡಿ ಬಿಚ್ಚಿ ಮಿನ್-ಡಿ ಕಳಚಿ ಬೀಳುತ್ತದೆ. ಮಿನ್-ಇ ಮಾತ್ರ ತಕ್ಷಣ ಹೋಗುವುದಿಲ್ಲ. ತನ್ನದೇ ಬಾಲದಿಂದ ಕ್ಷಣಕಾಲ ಪೊರೆಯಲ್ಲೇ ನಿಂತು ಪಕ್ಕದ ಮಿನ್-ಡಿಯನ್ನು ಹಿಡಿಯುತ್ತದೆ. ಟೊಪ್ಪಿಗೆಯ ಅಂಚಿನಲ್ಲಿ ಮಿನ್-ಇ ಉಂಗುರದಂತೆ ದಟ್ಟವಾಗಿ ಕಾಣುವುದು ಇದಕ್ಕೇ.

ಈ ವ್ಯವಸ್ಥೆ ಕೆಟ್ಟರೆ ಏನಾಗುತ್ತದೆ ಎಂಬುದು 1967ರಿಂದಲೇ ಗೊತ್ತು. ಮಿನ್ ಜೀನ್ ಕಳೆದುಕೊಂಡ ತಳಿ ತುದಿಯಲ್ಲೂ ತುಂಡಾಗಿ, ವರ್ಣತಂತುವೇ ಇಲ್ಲದ ಪುಟ್ಟ ಗುಂಡುಕೋಶಗಳನ್ನು ಉದುರಿಸುತ್ತದೆ. ಮಿನ್-ಇ ವಿಪರೀತವಾದರೂ ಹೀಗೇ. ಮಿನ್-ಸಿ, ಮಿನ್-ಡಿ ವಿಪರೀತವಾದರೆ ಇದಕ್ಕೆ ತಿರುಗುಮುರುಗು: ಕೋಶ ಎಲ್ಲೂ ಇಬ್ಭಾಗವಾಗದೆ ದಾರದಂತೆ ಉದ್ದವಾಗುತ್ತದೆ. ನಡುವನ್ನು ಕಾಯುವುದು ಮಿನ್ ಒಂದೇ ಅಲ್ಲ. ವರ್ಣತಂತುವಿನ ಮೇಲೆ ಬಳೆ ಕಟ್ಟದಂತೆ ತಡೆಯುವ ಎಸ್‌ಎಲ್‌ಎಂಎ ಎಂಬ ಪ್ರೋಟೀನ್ ಬೇರೆ ಇದೆ.

ಪ್ರಶ್ನೆ: ನೀರಿಗೆ ಬಿದ್ದ ಶಾಯಿ ಹರಡಿ ಎಲ್ಲೆಡೆ ಒಂದೇ ಸಮವಾಗುತ್ತದೆ. ವಿಸರಣೆಯ ಗುಣವೇ ಅದು. ಹಾಗಿದ್ದ ಮೇಲೆ ವಿಸರಣೆಯಿಂದ ಚಿತ್ತಾರ ಮೂಡುತ್ತದೆ ಎನ್ನುವುದು ಸರಿಯೇ? — ಯಂತ್ರಶಾಸ್ತ್ರ ಓದಿದ ಓದುಗರು

ಉತ್ತರ: ವಿಸರಣೆ ಒಂಟಿಯಾಗಿದ್ದರೆ ನಿಮ್ಮ ಮಾತು ಸರಿ. ಅದರ ಜೊತೆ ಕ್ರಿಯೆ ಸೇರಿದಾಗ, ಪಾತ್ರಧಾರಿಗಳ ವೇಗದಲ್ಲಿ ದೊಡ್ಡ ಅಂತರವೂ ಇದ್ದಾಗ, ಸಮತಟ್ಟು ಸ್ಥಿತಿಯೇ ಅಸ್ಥಿರವಾಗಬಹುದು ಎಂದು 1952ರಲ್ಲಿ ಅಲನ್ ಟ್ಯೂರಿಂಗ್ ಗಣಿತದಿಂದ ತೋರಿಸಿದರು. ಒಂದು ಕಡೆ ಆಕಸ್ಮಿಕವಾಗಿ ತುಸು ಹೆಚ್ಚಾದದ್ದು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಅದಕ್ಕೆ ಬೇಕಾದ ಸರಕನ್ನು ವೇಗವಾಗಿ ಓಡಾಡುವ ಪಾಲು ಸುತ್ತಲಿನಿಂದ ತಂದುಕೊಡುವುದರಿಂದ ಸುತ್ತ ಬರಿದಾಗುತ್ತದೆ.

ಮಿನ್ ವ್ಯವಸ್ಥೆಯಲ್ಲಿ ನನಗೆ ಬಹಳ ಸೊಗಸೆನಿಸುವುದು ಒಂದು ಸಂಗತಿ. ವೇಗದ್ದೂ ನಿಧಾನದ್ದೂ ಬೇರೆ ಬೇರೆ ಪದಾರ್ಥವಲ್ಲ, ಒಂದೇ ಪ್ರೋಟೀನಿನ ಎರಡು ಸ್ಥಿತಿ. ಕೋಶರಸದಲ್ಲಿರುವಾಗ ಅದರ ವಿಸರಣಾಂಕ, ಅಂದರೆ ಹರಡುವ ವೇಗದ ಅಳತೆ, ಸೆಕೆಂಡಿಗೆ ಸುಮಾರು 10 ಚದರ ಮೈಕ್ರೊಮೀಟರ್. ಪೊರೆಗೆ ಅಂಟಿದಾಗ ಅದರ ನೂರನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. 3 ಮೈಕ್ರೊಮೀಟರ್ ಉದ್ದದ ಕೋಶವನ್ನು ಈ ತುದಿಯಿಂದ ಆ ತುದಿಗೆ ದಾಟಲು ಕೋಶರಸದ ಅಣುವಿಗೆ ಅರ್ಧ ಸೆಕೆಂಡು ಸಾಕು (ಉದ್ದದ ವರ್ಗವನ್ನು ವಿಸರಣಾಂಕದ ಎರಡರಷ್ಟರಿಂದ ಭಾಗಿಸಿ: 9 ÷ 20). ಒಂದು ಓಲಾಟಕ್ಕೆ 40 ಸೆಕೆಂಡು ಹಿಡಿಯುತ್ತದೆ ಎಂದರೆ ಹೊತ್ತು ಹೋಗುವುದು ಪ್ರಯಾಣಕ್ಕಲ್ಲ, ಟೊಪ್ಪಿಗೆ ಕಟ್ಟುವುದಕ್ಕೆ ಮತ್ತು ಕೆಡವುವುದಕ್ಕೆ.

ಇದರ ಕೀಲಿ ಇರುವುದು ಒಂದು ಸಣ್ಣ ವಿಳಂಬದಲ್ಲಿ. ಕಳಚಿ ಬಿದ್ದ ಮಿನ್-ಡಿಯ ಕೈಯಲ್ಲಿ ಎಡಿಪಿ ಇರುತ್ತದೆ. ಅದನ್ನು ಬಿಟ್ಟು ಹೊಸ ಎಟಿಪಿ ಹಿಡಿಯುವವರೆಗೆ ಅದು ಮತ್ತೆ ಪೊರೆಗೆ ಅಂಟಲಾರದು. 2012ರಿಂದ ಹೆಚ್ಚು ಬಳಕೆಯಲ್ಲಿರುವ ಗಣಿತ ಮಾದರಿಯಲ್ಲಿ ಈ ವಿನಿಮಯದ ದರ ಸೆಕೆಂಡಿಗೆ 6, ವಿಸರಣಾಂಕ 16. ವಿಸರಣಾಂಕವನ್ನು ದರದಿಂದ ಭಾಗಿಸಿ ವರ್ಗಮೂಲ ತೆಗೆದರೆ 1.6 ಮೈಕ್ರೊಮೀಟರ್. ಅಂದರೆ ಕಳಚಿದ ಅಣು ಮತ್ತೆ ಅಂಟಲು ಸಜ್ಜಾಗುವ ಹೊತ್ತಿಗೆ ಸರಾಸರಿ ಅಷ್ಟು ದೂರ ಬಂದಿರುತ್ತದೆ. ಈ ವಿಳಂಬ ಇಲ್ಲದಿದ್ದರೆ ಬಿದ್ದದ್ದು ಬಿದ್ದಲ್ಲೇ ಮತ್ತೆ ಅಂಟುತ್ತಿತ್ತು, ಟೊಪ್ಪಿಗೆ ಖಾಲಿಯಾಗುತ್ತಲೇ ಇರಲಿಲ್ಲ. 2003ರ ಹಳೆಯ ಮಾದರಿಯಲ್ಲಿ ದರ 1, ವಿಸರಣಾಂಕ 2.5. ಅಂಕಿಗಳೆರಡೂ ಬೇರೆ, ಆದರೂ ವರ್ಗಮೂಲ ಮತ್ತೆ 1.6. ಎರಡೂ ಮಾದರಿಗಳು ಓಲಾಟವನ್ನು ಸರಿಯಾಗಿ ತೋರಿಸುತ್ತವೆ. ಬಿಡಿ ಅಂಕಿಗಳಿಗಿಂತ ಈ ಉದ್ದವೇ ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ. ಅಳತೆಪಟ್ಟಿ ಇಲ್ಲ ಎಂದು ಹಿಂದಿನ ಪ್ರಶ್ನೆಯಲ್ಲಿ ಕೇಳಿದ್ದರಲ್ಲ, ಇರುವ ಅಳತೆಪಟ್ಟಿ ಇದೇ.

ಪ್ರಶ್ನೆ: ಕೋಶ ಕಡ್ಡಿಯಂತಿರದೆ ಚೌಕವಾಗಿದ್ದರೆ, ತ್ರಿಕೋನವಾಗಿದ್ದರೆ ಮಿನ್ ಯಾವ ದಿಕ್ಕಿಗೆ ಓಲಾಡುತ್ತದೆ? — ಬಿ.ಎಸ್ಸಿ. ವಿದ್ಯಾರ್ಥಿ

ಉತ್ತರ: ಇದನ್ನು ಮಾಡಿಯೇ ನೋಡಿದ್ದಾರೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಸೀಸ್ ಡೆಕ್ಕರ್ ಅವರ ತಂಡ 2015ರಲ್ಲಿ ಜೀವಂತ ಇ. ಕೊಲೈಗಳನ್ನು ಸೂಕ್ಷ್ಮ ಅಚ್ಚುಗಳಲ್ಲಿ ಬೆಳೆಸಿ ಆಯತ, ಚೌಕ, ವೃತ್ತ, ತ್ರಿಕೋನ ಮಾಡಿತು. ಕೋಶ ಇಬ್ಭಾಗವಾಗದಿರಲು ಸೆಫಲೆಕ್ಸಿನ್, ಕಡ್ಡಿಯಾಕಾರ ಹಿಡಿದಿಡುವ ಎಂಆರ್‌ಇಬಿ ಪ್ರೋಟೀನನ್ನು ಕೆಡಿಸಲು ಎ22 ಎಂಬ ರಾಸಾಯನಿಕ, ಇವೆರಡನ್ನೂ ಕೊಟ್ಟಿದ್ದರು. ಗಾತ್ರ 2×1×1 ಮೈಕ್ರೊಮೀಟರಿನಿಂದ 11×6×1ರವರೆಗೆ. ಸಣ್ಣ ಆಯತಗಳಲ್ಲಿ ಓಲಾಟ ಉದ್ದದ ಗುಂಟ. ಆಯತ ಅಗಲವಾದಂತೆ ಅಡ್ಡಡ್ಡ ಓಲಾಟ, ಎರಡು ಮೂರು ಪಟ್ಟೆಗಳ ಚಿತ್ತಾರ, ಸುತ್ತುವ ಅಲೆ ಎಲ್ಲವೂ ಕಂಡವು. ಪ್ರೋಟೀನಿನ ಏರಿಳಿತಕ್ಕೆ ಹೊಂದುವ ಉದ್ದ 3ರಿಂದ 6 ಮೈಕ್ರೊಮೀಟರ್ ಎಂದು ತಿಳಿದುಬಂತು. ಒಂದೇ ಅಳತೆಯ ಎರಡು ಕೋಶಗಳಲ್ಲಿ ಬೇರೆ ಬೇರೆ ಚಿತ್ತಾರ ನೆಲೆನಿಲ್ಲುವುದೂ ಉಂಟು. ಆ ಕೋಶ ಯಾವ ಆಕಾರದಿಂದ ಈ ಆಕಾರಕ್ಕೆ ಬೆಳೆಯಿತು ಎಂಬುದರ ಮೇಲೂ ಅದು ನಿಂತಿದೆ.

ಕಾರಣ ಆ 1.6 ಮೈಕ್ರೊಮೀಟರಿನಲ್ಲೇ ಇದೆ. ಮಾಮೂಲಿ ಕೋಶದ ಅಗಲ 1 ಮೈಕ್ರೊಮೀಟರ್. ಕಳಚಿದ ಅಣು ಸಜ್ಜಾಗುವಷ್ಟರಲ್ಲಿ ಅಗಲವನ್ನು ದಾಟಿಯೇ ಬಿಟ್ಟಿರುತ್ತದೆ, ಹಾಗಾಗಿ ಎಡಬಲಗಳಲ್ಲಿ ಭೇದ ಉಳಿಯುವುದಿಲ್ಲ. ಉದ್ದ 3 ಮೈಕ್ರೊಮೀಟರ್. ಅಲ್ಲಿ ಒಂದು ತುದಿ ತುಂಬಿ ಇನ್ನೊಂದು ಬರಿದಾಗಲು ಅವಕಾಶವಿದೆ. ತುದಿಗೆ ಇನ್ನೊಂದು ವಿಶೇಷವೂ ಇದೆ. 0.5 ಮೈಕ್ರೊಮೀಟರ್ ತ್ರಿಜ್ಯದ ಕೊಳವೆಯಲ್ಲಿ ಪ್ರತಿ ಘನ ಮೈಕ್ರೊಮೀಟರ್ ರಸಕ್ಕೆ 4 ಚದರ ಮೈಕ್ರೊಮೀಟರ್ ಪೊರೆ. ಅರ್ಧಗೋಳದಂತಿರುವ ತುದಿಯಲ್ಲಿ 6. ಅಂಟುವ, ಕಳಚುವ ಲೆಕ್ಕ ತುದಿಯಲ್ಲಿ ಬೇರೆಯಾಗಲು ಈ ಒಂದೂವರೆ ಪಟ್ಟಿನ ವ್ಯತ್ಯಾಸ ಸಾಕಾಗುತ್ತದೆ. ಪ್ರೋಟೀನ್ ತಾನಾಗಿ ಬಾಗನ್ನು ಮುಟ್ಟಿ ನೋಡಬೇಕಾಗಿಯೇ ಇಲ್ಲ.

ಪ್ರಶ್ನೆ: ಮಿನ್ ಪ್ರೋಟೀನನ್ನು ಕೆಡಿಸಿ ಹೊಸ ಆ್ಯಂಟಿಬಯಾಟಿಕ್ ಮಾಡಬಹುದೇ? — ಔಷಧ ವಿಜ್ಞಾನದ ವಿದ್ಯಾರ್ಥಿನಿ

ಉತ್ತರ: ಅದಕ್ಕಿಂತ ಎಫ್‌ಟಿಎಸ್‌ಝಡ್ ಒಳ್ಳೆಯ ಗುರಿ. ಮಿನ್ ಇಲ್ಲದ ಇ. ಕೊಲೈ ಅಡ್ಡಾದಿಡ್ಡಿ ತುಂಡಾದರೂ ಸಾಯುವುದಿಲ್ಲ, ಪ್ರಯೋಗಾಲಯದಲ್ಲಿ ಬೆಳೆಯುತ್ತಲೇ ಇರುತ್ತದೆ. ಚರ್ಮದ ಸೋಂಕಿಗೆ ಕಾರಣವಾಗುವ ಸ್ಟೆಫೈಲೊಕಾಕಸ್ ಆರಿಯಸ್‌ನಲ್ಲಂತೂ ಮಿನ್ ವ್ಯವಸ್ಥೆಯೇ ಇಲ್ಲ, ಎಫ್‌ಟಿಎಸ್‌ಝಡ್ ಇದೆ.

ಪ್ರಶ್ನೆ: ಗಾಜಿನ ಮೇಲೆ ಲಿಪಿಡ್ ಪೊರೆ ಹಾಸಿ ಮಿನ್-ಡಿ, ಮಿನ್-ಇ, ಎಟಿಪಿ ಸೇರಿಸಿದೆವು. ಅಲೆಗಳು ಬರಬೇಕಿತ್ತು. ಇಡೀ ಪೊರೆ ಒಂದೇ ಸಮ ಹಸಿರಾಗಿ ಹೊಳೆಯುತ್ತ ನಿಂತುಬಿಟ್ಟಿದೆ. ಎಲ್ಲಿ ತಪ್ಪಿದೆ? — ಸಂಶೋಧನಾ ವಿದ್ಯಾರ್ಥಿಗಳು

ಉತ್ತರ: ಮೊದಲು ಈ ಪ್ರಯೋಗದ ಪರಿಚಯವಿಲ್ಲದ ಓದುಗರಿಗೆ ಎರಡು ಮಾತು. ಜರ್ಮನಿಯ ಪೆಟ್ರಾ ಶ್ವಿಲ್ಲೆ ಅವರ ತಂಡ 2008ರಲ್ಲಿ ಕೋಶವನ್ನೇ ಬಿಟ್ಟು, ಶುದ್ಧ ಮಾಡಿದ ಈ ಎರಡು ಪ್ರೋಟೀನ್ ಮತ್ತು ಎಟಿಪಿಯನ್ನು ಮಾತ್ರ ಕೃತಕ ಪೊರೆಯ ಮೇಲೆ ಹಾಕಿ ಸಾಗುವ ಅಲೆಗಳನ್ನು ಮತ್ತು ಸುರುಳಿಗಳನ್ನು ತೋರಿಸಿತು. ಚಿತ್ತಾರಕ್ಕೆ ಬೇಕಾದದ್ದು ಇಷ್ಟೇ ಎಂದು ಅಲ್ಲಿಗೆ ಖಚಿತವಾಯಿತು.

ಈಗ ನಿಮ್ಮ ತೊಂದರೆ. ಹಸಿರು ಹತ್ತಿದೆ ಎಂದರೆ ಮಿನ್-ಡಿ, ಎಟಿಪಿ, ಮೆಗ್ನೀಸಿಯಂ, ಪೊರೆಯ ಋಣ ಆವೇಶ ಇವಿಷ್ಟೂ ಬಹುಮಟ್ಟಿಗೆ ಸರಿ ಇವೆ. ಕಳಚುವ ಕೆಲಸ ನಡೆಯುತ್ತಿಲ್ಲ. ಸಂಶಯ ಮಿನ್-ಇ ಮೇಲೆ. ಪರೀಕ್ಷೆ ಸುಲಭ: ಮಿನ್-ಇ ಹಾಕದೆ ಹೊಳಪು ಸ್ಥಿರವಾಗಲು ಬಿಡಿ, ಆಮೇಲೆ 1 ಮೈಕ್ರೊಮೋಲಾರ್‌ನಷ್ಟು ಮಿನ್-ಇ ಹಾಕಿ ನೋಡಿ. ಹೊಳಪು ಇಳಿದರೆ ಮಿನ್-ಇ ಜೀವಂತವಾಗಿದೆ, ಪ್ರಮಾಣ ಸಾಲದಿತ್ತು ಎಂದರ್ಥ. ಇಳಿಯದಿದ್ದರೆ ಮಿನ್-ಇ ಕೆಟ್ಟಿದೆ, ಅಥವಾ ಹಸಿರು ಗುರುತಿನ ಪ್ರೋಟೀನ್ ಮುದ್ದೆಯಾಗಿ ಗಾಜಿಗೆ ಕಚ್ಚಿದೆ. ಮುದ್ದೆಯಾಗಿದ್ದರೆ ಹೊಳಪಿನಲ್ಲಿ ಚುಕ್ಕಿಗಳು ಕಾಣುತ್ತವೆ. ಬಳಸುವ ಮುನ್ನ ಸೆಂಟ್ರಿಫ್ಯೂಜ್ ಮಾಡಿ ತಿಳಿಯನ್ನಷ್ಟೇ ತೆಗೆದುಕೊಳ್ಳಿ. ಎಟಿಪಿ ಸೀಸೆಯ ಚೀಟಿಯನ್ನೂ ಇನ್ನೊಮ್ಮೆ ಓದಿ. ಒಡೆಯಲಾಗದ ಎಟಿಪಿಯಂಥ ಪದಾರ್ಥ ತಪ್ಪಿ ಬಂದಿದ್ದರೂ ಇದೇ ಲಕ್ಷಣ.

ಅಳತೆಗಳನ್ನು ತಾಳೆ ನೋಡಿಕೊಳ್ಳಿ. ಬಫರ್: 25 ಮಿಲಿಮೋಲಾರ್ ಟ್ರಿಸ್, ಪಿಎಚ್ 7.5, 150 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 5 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್. ಲಿಪಿಡ್: ಡಿಒಪಿಸಿ 70, ಡಿಒಪಿಜಿ 30 ಮೋಲ್ ಪಾಲು. ಡಿಒಪಿಜಿಯೇ ಋಣ ಆವೇಶ ಕೊಡುವುದು. ಕ್ಲೋರೋಫಾರ್ಮ್ ಅನ್ನು ಸಾರಜನಕದಲ್ಲಿ ಆರಿಸಿದ ಮೇಲೆ ಕನಿಷ್ಠ ಒಂದು ಗಂಟೆ ನಿರ್ವಾತದಲ್ಲಿಡಿ. ಬಫರಿನಲ್ಲಿ ಕದಡಿ, ಹಾಲಿನಂಥ ಬಿಳುಪು ಹೋಗಿ ತಿಳಿಯಾಗುವವರೆಗೆ ಸೋನಿಕೇಟ್ ಮಾಡಿ. 37 ಡಿಗ್ರಿಯಲ್ಲಿ ಕವರ್‌ಸ್ಲಿಪ್ ಮೇಲೆ ಕೆಲವು ನಿಮಿಷ ಬಿಟ್ಟು, ಸುಮಾರು 2 ಮಿಲಿಲೀಟರ್ ಬೆಚ್ಚಗಿನ ಬಫರಿನಿಂದ ತೊಳೆಯಿರಿ. ತೊಳೆಯುವಾಗ ಗಾಜು ಒಂದು ಕ್ಷಣವೂ ಗಾಳಿಗೆ ತೆರೆದುಕೊಳ್ಳಬಾರದು, ಪೊರೆ ಹರಿಯುತ್ತದೆ. ಕೊನೆಗೆ 200 ಮೈಕ್ರೊಲೀಟರ್‌ನಲ್ಲಿ ಮಿನ್-ಡಿ 1, ಮಿನ್-ಇ 1 ಮೈಕ್ರೊಮೋಲಾರ್, ಎಟಿಪಿ 2.5 ಮಿಲಿಮೋಲಾರ್. ಹೊಳೆಯುವ ಮಿನ್-ಡಿ ಒಟ್ಟು ಮಿನ್-ಡಿಯ ಹತ್ತರಲ್ಲಿ ಒಂದೆರಡು ಪಾಲು ಸಾಕು. ಗಾಜು ತೊಳೆಯಲು ಗಂಧಕಾಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಮಿಶ್ರಣಕ್ಕಿಂತ ಆಮ್ಲಜನಕ ಪ್ಲಾಸ್ಮಾ ಒಳ್ಳೆಯದು. ಆ ಮಿಶ್ರಣಕ್ಕೆ ಅಸಿಟೋನಿನ ಹನಿ ತಗಲಿದರೂ ಸಿಡಿಯುತ್ತದೆ.

ಪೊರೆಯಲ್ಲಿ ಲಿಪಿಡ್‌ಗಳು ಹರಿದಾಡುತ್ತಿವೆಯೇ ಎಂದು ನೋಡದೆ ಪ್ರೋಟೀನ್ ವ್ಯರ್ಥ ಮಾಡಬೇಡಿ. ಬಣ್ಣದ ಲಿಪಿಡ್ ಸ್ವಲ್ಪ ಬೆರೆಸಿ, 10 ಮೈಕ್ರೊಮೀಟರ್ ಅಗಲದ ಚುಕ್ಕೆಯನ್ನು ಲೇಸರಿನಿಂದ ಮಂಕು ಮಾಡಿ. ಅರ್ಧ ನಿಮಿಷದೊಳಗೆ ತುಂಬಿ ಬಂದರೆ ಪೊರೆ ಸರಿ. ಕಪ್ಪಾಗಿಯೇ ಉಳಿದರೆ ಪೊರೆ ಕೂಡಿಲ್ಲ, ಲಿಪಿಡ್ ಗುಳ್ಳೆಗಳು ಗುಳ್ಳೆಗಳಾಗಿಯೇ ಗಾಜಿಗೆ ಅಂಟಿವೆ.

ಬೇರೆ ಲಕ್ಷಣಗಳಿಗೆ ಬೇರೆ ಕಾರಣ. ಹೊಳಪೇ ಹತ್ತದಿದ್ದರೆ ಎಟಿಪಿಯ ಮೂಲ ದ್ರಾವಣದ ಪಿಎಚ್ ನೋಡಿ. ಅದು ಹುಟ್ಟಾ ಆಮ್ಲೀಯ, 7.5ಕ್ಕೆ ತರದೆ ಇಟ್ಟರೆ ಕೆಡುತ್ತದೆ. ಅಲೆಯ ಬದಲು ನಿಂತ ಚುಕ್ಕಿ ಅಥವಾ ಜಾಲ ಬಂದರೆ ಶುದ್ಧ ಮಾಡಲೆಂದು ಮಿನ್-ಇಗೆ ಸೇರಿಸಿದ ಹಿಸ್ಟಿಡೀನ್ ಬಾಲವನ್ನು ಸಂಶಯಿಸಿ, ಅದು ಮಿನ್-ಇಯನ್ನು ಪೊರೆಯಲ್ಲಿ ಹೆಚ್ಚು ಹೊತ್ತು ನಿಲ್ಲಿಸಬಲ್ಲದು. ಅಲೆ ಬಂದು ಅರ್ಧ ಗಂಟೆಯಲ್ಲಿ ಸತ್ತರೆ ಬಹಳ ಜನ ಎಟಿಪಿ ಮುಗಿಯಿತು ಎನ್ನುತ್ತಾರೆ. ಲೆಕ್ಕ ಹಾಕಿ: 1 ಮೈಕ್ರೊಮೋಲಾರ್ ಮಿನ್-ಡಿಯ ಪ್ರತಿ ಅಣು ನಿಮಿಷಕ್ಕೆ ಐದು ಎಟಿಪಿ ತಿಂದರೂ 2.5 ಮಿಲಿಮೋಲಾರ್ ಮುಗಿಯಲು 500 ನಿಮಿಷ ಬೇಕು. ನಿಜವಾದ ಕಾರಣ ಸಾಮಾನ್ಯವಾಗಿ ನೀರು ಆವಿಯಾಗಿ ಉಪ್ಪು ಏರುವುದು, ಇಲ್ಲವೇ ಲೇಸರ್ ಹೆಚ್ಚಾಗಿ ಪ್ರೋಟೀನ್ ಕೆಡುವುದು. ಮುಚ್ಚಳ ಹಾಕಿ, ಬೆಳಕು ತಗ್ಗಿಸಿ.

ಪ್ರಶ್ನೆ: ಗಾಜಿನ ಮೇಲಿನ ಅಲೆ ಕೋಶದೊಳಗಿನದಕ್ಕಿಂತ ಹತ್ತು ಪಟ್ಟು ದೊಡ್ಡದು ಎಂದು ಓದಿದೆ. ಪ್ರೋಟೀನ್ ಅದೇ ಅಲ್ಲವೇ? — ಭೌತಶಾಸ್ತ್ರ ಉಪನ್ಯಾಸಕರು

ಉತ್ತರ: ಪ್ರೋಟೀನ್ ಅದೇ, ದಾಸ್ತಾನು ಬೇರೆ. 1 ಮೈಕ್ರೊಮೋಲಾರ್ ಎಂದರೆ ಘನ ಮೈಕ್ರೊಮೀಟರಿಗೆ ಸುಮಾರು 600 ಅಣು. ಕೋಶದಲ್ಲಿ ಒಂದು ಚದರ ಮೈಕ್ರೊಮೀಟರ್ ಪೊರೆಯ ಪಾಲಿಗೆ ಕಾಲು ಘನ ಮೈಕ್ರೊಮೀಟರ್ ರಸ, ಅಂದರೆ 150 ಅಣು. ಗಾಜಿನ ಮೇಲೆ 2 ಮಿಲಿಮೀಟರ್ ಎತ್ತರಕ್ಕೆ ದ್ರವ ನಿಂತಿದ್ದರೆ ಅಷ್ಟೇ ಪೊರೆಯ ಪಾಲಿಗೆ 12 ಲಕ್ಷ. ಕಳಚಿದ ಅಣು ಮೇಲಿನ ದ್ರವದಲ್ಲಿ ಅಲೆದಾಡಿ ಬಹಳ ಆಚೆ ಬಂದು ಇಳಿಯಬಹುದು. ಜೊತೆಗೆ, ಕಿಕ್ಕಿರಿದ ಕೋಶರಸಕ್ಕಿಂತ ತಿಳಿಯಾದ ಬಫರಿನಲ್ಲಿ ಅದರ ಓಟವೂ ಜೋರು. ದ್ರವದ ಎತ್ತರವನ್ನು ಕೆಲವೇ ಮೈಕ್ರೊಮೀಟರಿಗೆ ಇಳಿಸಿದರೆ ಚಿತ್ತಾರದ ಬಗೆಯೇ ಬದಲಾಗುತ್ತದೆ ಎಂದು 2021ರಲ್ಲಿ ಪ್ರಕಟವಾದ ಕೆಲಸ ತೋರಿಸಿದೆ. ಅದಕ್ಕೂ ಮೊದಲೇ, 2013ರಲ್ಲಿ, ಪೊರೆ ಹೊದಿಸಿದ ಪುಟ್ಟ ತೊಟ್ಟಿಗಳಲ್ಲಿ ಕೋಶದಂತೆಯೇ ತುದಿಯಿಂದ ತುದಿಗೆ ಓಲಾಟ ಬರಿಸಿದ್ದರು. ತೊಟ್ಟಿ ಕೋಶಕ್ಕಿಂತ ದೊಡ್ಡದಾಗಿರಬೇಕಾಯಿತು, ಅಲೆ ದೊಡ್ಡದಲ್ಲವೇ?

ಪ್ರಶ್ನೆ: ಮಿನ್ ಓಲಾಟವನ್ನು ಗಣಕದಲ್ಲಿ ಬರೆಯಲು ಹೊರಟೆ. ಒಮ್ಮೆ ಅಂಕಿಗಳು ಅನಂತಕ್ಕೆ ಓಡುತ್ತವೆ, ಇನ್ನೊಮ್ಮೆ ಏನೂ ಆಗದೆ ಸಮತಟ್ಟಾಗಿ ನಿಲ್ಲುತ್ತದೆ. — ಎಂ.ಎಸ್ಸಿ. ವಿದ್ಯಾರ್ಥಿ

ಉತ್ತರ: ಎರಡಕ್ಕೂ ಕಾರಣ ಬೇರೆ. ಅನಂತಕ್ಕೆ ಓಡುವುದು ಕಾಲದ ಹೆಜ್ಜೆ ದೊಡ್ಡದಾದದ್ದರಿಂದ. ನೇರ ವಿಧಾನದಲ್ಲಿ ಒಂದು ಆಯಾಮಕ್ಕೆ ಹೆಜ್ಜೆ, ಮನೆಯ (ಲೆಕ್ಕಕ್ಕಾಗಿ ಕೋಶದ ಉದ್ದವನ್ನು ಕತ್ತರಿಸಿದ ತುಂಡಿನ) ಅಗಲದ ವರ್ಗವನ್ನು ವಿಸರಣಾಂಕದ ಎರಡರಷ್ಟರಿಂದ ಭಾಗಿಸಿದ್ದಕ್ಕಿಂತ ಕಡಿಮೆ ಇರಬೇಕು. ಮನೆ 0.1 ಮೈಕ್ರೊಮೀಟರ್, ವಿಸರಣಾಂಕ 16 ಆದರೆ 0.0003 ಸೆಕೆಂಡು. ಮನೆಯನ್ನು ಅರ್ಧ ಮಾಡಿದರೆ ಹೆಜ್ಜೆ ಕಾಲು ಭಾಗವಾಗುತ್ತದೆ, ಇದನ್ನು ಮರೆಯುವವರೇ ಹೆಚ್ಚು. ಮೂರು ನಿಮಿಷದ ಓಲಾಟ ನೋಡಲು ಆರು ಲಕ್ಷ ಹೆಜ್ಜೆ. ಒಂದು ಆಯಾಮದಲ್ಲಿ ಅದೇನೂ ಭಾರವಲ್ಲ.

ಸಮತಟ್ಟಾಗಿ ನಿಲ್ಲುವುದಕ್ಕೆ ಮೊದಲ ಕಾರಣ, ನೀವು ಪೂರ್ತಿ ಸಮವಾದ ಸ್ಥಿತಿಯಿಂದ ಆರಂಭಿಸಿರಬಹುದು. ಅಸ್ಥಿರತೆಗೂ ಒಂದು ಕಿಡಿ ಬೇಕು, ಪ್ರತಿ ಮನೆಯಲ್ಲೂ ನೂರಕ್ಕೆ ಒಂದೆರಡರಷ್ಟು ಏರುಪೇರು ಹಾಕಿ. ಎರಡನೆಯದು ಮಿನ್-ಇ ಹೆಚ್ಚಾಗಿರುವುದು. 2003ರ ಮಾದರಿಯಲ್ಲಿ ಉದ್ದದ ಪ್ರತಿ ಮೈಕ್ರೊಮೀಟರಿಗೆ ಮಿನ್-ಡಿ 1000, ಮಿನ್-ಇ 350. ಮಿನ್-ಇಯನ್ನು ಮಿನ್-ಡಿಗೆ ಸಮ ಮಾಡಿದರೆ ಆ ಮಾದರಿಯಲ್ಲಿ ಟೊಪ್ಪಿಗೆ ಕಟ್ಟಲು ಪುರುಸೊತ್ತೇ ಸಿಗುವುದಿಲ್ಲ. ಮೂರನೆಯದು ಏಕಮಾನ. ಪೊರೆಯ ಸಾಂದ್ರತೆ ಚದರ ಮೈಕ್ರೊಮೀಟರಿಗೆ, ರಸದ್ದು ಘನ ಮೈಕ್ರೊಮೀಟರಿಗೆ. ಒಂದರಿಂದ ಇನ್ನೊಂದಕ್ಕೆ ದಾಟಿಸುವಾಗ ಕೊಳವೆಯ ಲೆಕ್ಕದಲ್ಲಿ ಬಂದ ಆ 4 ಎಂಬ ಗುಣಕ ಬೇಕೇ ಬೇಕು.

ಐದು ಮೊತ್ತಗಳನ್ನು ಇಟ್ಟುಕೊಳ್ಳಿ: ರಸದಲ್ಲಿ ಎಡಿಪಿ ಹಿಡಿದ ಮಿನ್-ಡಿ, ಎಟಿಪಿ ಹಿಡಿದ ಮಿನ್-ಡಿ, ಬಿಡಿ ಮಿನ್-ಇ, ಪೊರೆಯಲ್ಲಿ ಮಿನ್-ಡಿ, ಮಿನ್-ಡಿ ಮತ್ತು ಮಿನ್-ಇ ಜೋಡಿ. ಪ್ರತಿ ಸಾವಿರ ಹೆಜ್ಜೆಗೊಮ್ಮೆ ಒಟ್ಟು ಮಿನ್-ಡಿ, ಒಟ್ಟು ಮಿನ್-ಇ ಕೂಡಿಸಿ ನೋಡಿ. ಇಲ್ಲಿ ಪ್ರೋಟೀನ್ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಒಟ್ಟು ಮೊತ್ತ ಕದಲಿದರೆ ಸಮೀಕರಣದಲ್ಲಿ ಎಲ್ಲೋ ಚಿಹ್ನೆ ತಪ್ಪಿದೆ. ಎಲ್ಲ ಸರಿಹೋದ ಮೇಲೆ ಕೋಶದ ಉದ್ದವನ್ನು ಬದಲಿಸಿ. ಗಿಡ್ಡ ಮಾಡುತ್ತ ಹೋದರೆ ಒಂದು ಹಂತದಲ್ಲಿ ಓಲಾಟ ನಿಲ್ಲುತ್ತದೆ. ಎರಡು ಮೂರು ಪಟ್ಟು ಉದ್ದ ಮಾಡಿದರೆ ಎರಡು ತುದಿಗೆ ಬದಲಾಗಿ ಪಟ್ಟೆಗಳು ಸರದಿಯಲ್ಲಿ ಮಿನುಗುತ್ತವೆ. ಇಬ್ಭಾಗವಾಗದೆ ಉದ್ದವಾದ ನಿಜವಾದ ಕೋಶಗಳಲ್ಲೂ ಹೀಗೇ ಕಾಣುತ್ತದೆ.

ಪ್ರಶ್ನೆ: ಬಾಗನ್ನು ನೇರವಾಗಿ ಗುರುತಿಸುವ ಪ್ರೋಟೀನ್‌ಗಳೇ ಇಲ್ಲವೇ? — ಆಸಕ್ತ ಓದುಗರು

ಉತ್ತರ: ಇವೆ, ಆದರೆ ಒಂಟಿಯಾಗಿ ಅವಕ್ಕೂ ಅದು ಆಗದ ಕೆಲಸ. 1 ಮೈಕ್ರೊಮೀಟರ್ ತ್ರಿಜ್ಯದ ಗೋಳದ ಮೇಲೆ 5 ನ್ಯಾನೊಮೀಟರಿನ ಅಣು ಕೂತರೆ ಅದರ ಅಡಿಯ ನೆಲ ಬಾಗಿರುವುದು 0.003 ನ್ಯಾನೊಮೀಟರ್. ಒಂದು ಪರಮಾಣುವಿನ ಅಗಲದ ಮೂವತ್ತನೇ ಒಂದು ಭಾಗ! ಆ ಅಣುವಿನ ಮಟ್ಟಿಗೆ ಅದು ಸಪಾಟು ನೆಲವೇ. ನೂರು ನ್ಯಾನೊಮೀಟರ್ ಉದ್ದಕ್ಕೆ ಸಾಲುಗಟ್ಟಿದರೆ ಬಾಗು 1.25 ನ್ಯಾನೊಮೀಟರ್ ಆಗುತ್ತದೆ, ಅದು ಗೊತ್ತಾಗುವಂಥದು. ಸೆಪ್ಟಿನ್ ಎಂಬ ಪ್ರೋಟೀನ್‌ಗಳು ಎಳೆಗಳಾಗಿ ಕೂಡಿ ಮೈಕ್ರೊಮೀಟರ್ ಮಟ್ಟದ ಬಾಗನ್ನು ಆರಿಸಿಕೊಳ್ಳುತ್ತವೆ. ಪೊರೆ ಹೊದಿಸಿದ ಗಾಜಿನ ಮಣಿಗಳನ್ನು ಕೊಟ್ಟಾಗ ಅವು ಹೆಚ್ಚು ಒಲಿದದ್ದು ಸುಮಾರು 1 ಮೈಕ್ರೊಮೀಟರ್ ವ್ಯಾಸದವಕ್ಕೆ.

ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದಲ್ಲಿ ಮಿನ್-ಇ ಇಲ್ಲ. ಅಲ್ಲಿ ಮಿನ್-ಡಿಯನ್ನು ಜಾಗದಲ್ಲಿ ನಿಲ್ಲಿಸುವ ಸರಪಣಿಯ ಬುಡದಲ್ಲಿರುವುದು ಡಿವ್-IVಎ. ಅದು ಒಳಗಿನಿಂದ ಬೋಗುಣಿಯಂತೆ ಕಾಣುವ ಬಾಗುಗಳಲ್ಲಿ ಗುಂಪುಗೂಡುತ್ತದೆ, ಅಂದರೆ ಹೊಸದಾಗಿ ಮೂಡುವ ಅಡ್ಡಗೋಡೆಯ ಮೂಲೆಗಳಲ್ಲಿ ಮತ್ತು ತುದಿಗಳಲ್ಲಿ. ಅದೇ ಜೀವಿಯ ಎಸ್‌ಪಿಒವಿಎಂ ಎಂಬ, ಬರೀ 26 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನ್ ಇದಕ್ಕೆ ತದ್ವಿರುದ್ಧ: ಉಬ್ಬಿದ ಬಾಗನ್ನು ಹುಡುಕಿ ಬೀಜಕದ ಹೊರಮೈಗೆ ಹೋಗಿ ಕೂರುತ್ತದೆ.

ಪ್ರಶ್ನೆ: ಪ್ರಾಣಿಗಳ ದೊಡ್ಡ ಕೋಶಗಳಲ್ಲೂ ಇಂಥ ಚಿತ್ತಾರ ನಡೆಯುತ್ತದೆಯೇ? ಕೋಶ ಸಣ್ಣದಾದರೆ ಕೆಡುತ್ತದೆಯೇ? — ಪ್ರಾಣಿಶಾಸ್ತ್ರ ವಿದ್ಯಾರ್ಥಿನಿ

ಉತ್ತರ: ಎರಡಕ್ಕೂ ಹೌದು. ಸಿ. ಎಲಿಗನ್ಸ್ ಎಂಬ ದುಂಡುಹುಳುವಿನ ಮೊದಲ ಕೋಶ ಸುಮಾರು 50 ಮೈಕ್ರೊಮೀಟರ್ ಉದ್ದ, 30 ಅಗಲ. ಅದರ ಪೊರೆಯಲ್ಲಿ ಪಾರ್ ಪ್ರೋಟೀನ್‌ಗಳ ಎರಡು ಬಣ ಇವೆ. ಮುಂದಿನ ಅರ್ಧ ಪಾರ್-3, ಪಾರ್-6, ಪಿಕೆಸಿ-3 ಬಣದ್ದು, ಹಿಂದಿನ ಅರ್ಧ ಪಾರ್-1, ಪಾರ್-2 ಬಣದ್ದು. ಒಂದು ಬಣ ಇನ್ನೊಂದಕ್ಕೆ ಫಾಸ್ಫೇಟ್ ಅಂಟಿಸಿ ಪೊರೆಯಿಂದ ಕೆಡವುತ್ತದೆ. ಹಿಂದು ಯಾವುದು ಎಂಬ ಮೊದಲ ಸುಳಿವು ವೀರ್ಯಾಣು ತಂದ ಸೆಂಟ್ರೊಸೋಮಿನಿಂದ (ಕೋಶ ಇಬ್ಭಾಗವಾಗುವಾಗ ಎಳೆಗಳನ್ನು ಹೊಮ್ಮಿಸುವ ಕೇಂದ್ರ). ಇಲ್ಲಿ ಓಲಾಟವಿಲ್ಲ, ಗಡಿ ನಿಂತಲ್ಲೇ ನಿಲ್ಲುತ್ತದೆ.

ಆದರೆ ಆ ಗಡಿ ಗೀಟು ಹಾಕಿದಂತೆ ತೆಳುವಲ್ಲ. ಪಾರ್-2 ಪೊರೆಯಲ್ಲಿ ಸೆಕೆಂಡಿಗೆ 0.15 ಚದರ ಮೈಕ್ರೊಮೀಟರ್ ಹರಡುತ್ತದೆ, ಸೆಕೆಂಡಿಗೆ 0.0073 ದರದಲ್ಲಿ ಕಳಚುತ್ತದೆ. ಮತ್ತೆ ಅದೇ ವರ್ಗಮೂಲ: 4.5 ಮೈಕ್ರೊಮೀಟರ್. ಪಾರ್-6ಕ್ಕೆ 0.28 ಮತ್ತು 0.0054, ಅಂದರೆ 7 ಮೈಕ್ರೊಮೀಟರ್. ಗಡಿಯಲ್ಲಿ ಎರಡೂ ಬಣಗಳು ಇಷ್ಟರಮಟ್ಟಿಗೆ ಒಂದರೊಳಗೊಂದು ಬೆರೆತಿರುತ್ತವೆ. 50 ಮೈಕ್ರೊಮೀಟರಿನ ಕೋಶದಲ್ಲಿ ಈ ಮಸುಕು ತೊಂದರೆಯಲ್ಲ. ಆದರೆ ಭ್ರೂಣ ಬೆಳೆಯದೆ ಬರೀ ತುಂಡಾಗುತ್ತ ಹೋಗುವುದರಿಂದ ಮುಂದಿನ ತಲೆಮಾರಿನ ಪ್ರತಿ ಕೋಶವೂ ಸಣ್ಣದು. ಸಂತಾನಕೋಶಗಳಾಗಲಿರುವ ಸಾಲಿನಲ್ಲಿ ಪಿ0 (ಆ ಮೊದಲ ಕೋಶ), ಪಿ1, ಪಿ2, ಪಿ3 ನಾಲ್ಕೂ ಅಸಮವಾಗಿ ಇಬ್ಭಾಗವಾಗುತ್ತವೆ. ಪಿ4 ಬಂದಾಗ ಎರಡು ಬಣಗಳಿಗೆ ಬೇರೆ ಬೇರೆ ನಿಲ್ಲಲು ಜಾಗ ಸಾಲದು, ಅದು ಸಮನಾಗಿ ಇಬ್ಭಾಗವಾಗುತ್ತದೆ. ಇಂಥ ಗಾತ್ರದ ಮಿತಿ ಇದೆ ಎಂದು 2019ರ ಕೆಲಸ ತೋರಿಸಿತು. ಅದರ ಒಂದು ಫಲಿತಾಂಶ ನಿಮ್ಮ ಎರಡನೇ ಪ್ರಶ್ನೆಗೆ ನೇರ ಉತ್ತರ: ಭ್ರೂಣವನ್ನೇ ಮಾಮೂಲಿಗಿಂತ ಚಿಕ್ಕದು ಮಾಡಿದಾಗ, ಅಸಮವಾಗಿ ಇಬ್ಭಾಗವಾಗಬೇಕಿದ್ದ ಕೋಶಗಳೂ ಆ ಶಕ್ತಿಯನ್ನು ಅವಧಿಗೆ ಮುಂಚೆಯೇ ಕಳೆದುಕೊಂಡವು.